ನಂಬರ್ ಅಲ್ಲ ಸರ್, ಹೆಸರು ಕೇಳಿ

ಎಂಜಿನಿಯರಿಂಗ್ ಸೇರಿ ಎರಡು ವರ್ಷ ಮುಗಿದು ಈಗ ಐದನೇ ಸೆಮಿಸ್ಟರ್‌ಗೆ ಬಂದಿದ್ದೇನೆ. ಸೆಮಿಸ್ಟರ್‌ಗೆ ಏಳೆಂಟು ವಿಷಯ ಎಂದು ಲೆಕ್ಕ ಹಿಡಿದರೂ ಇಷ್ಟರಲ್ಲಿ ಮೂವತ್ತಕ್ಕೂ ಹೆಚ್ಚು ‘ಫಸ್ಟ್ ಕ್ಲಾಸ್’ ನೋಡಿಯಾಗಿದೆ. ಅಂಕಪಟ್ಟಿಯ ಫಸ್ಟ್ ಕ್ಲಾಸ್ ಅಲ್ಲ, ಹೊಸ ಲೆಕ್ಚರರ್ ಮೊದಲ ಬಾರಿ ಕೊಠಡಿಗೆ ಕಾಲಿಡುವ ಫಸ್ಟ್ ಕ್ಲಾಸ್. ಪಾಠ ಮಾಡುವವರಿಗೆ ಅದು ವರ್ಷಕ್ಕೆ ಎರಡು ಸಲ ಬರುವ ಮಾಮೂಲಿ ದಿನ ಇರಬಹುದು. ಬೆಂಚಿನ ಮೇಲೆ ಕೂತ ನಮಗೆ ಮಾತ್ರ ಮುಂದಿನ ನಾಲ್ಕು ತಿಂಗಳ ಹಣೆಬರಹ ಬಹುಮಟ್ಟಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಆ ಮೂವತ್ತರಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವು. ನೀವೂ ನೋಡಿರುತ್ತೀರಿ. ಸರ್ ಅಥವಾ ಮೇಡಂ ಒಳಗೆ ಬರುತ್ತಾರೆ, ನಾವು ಎದ್ದು ನಿಂತು ಕೂರುತ್ತೇವೆ. ಬೋರ್ಡಿನ ಮೇಲೆ ಸಬ್ಜೆಕ್ಟಿನ ಹೆಸರು, ಕೋಡ್ ಬೀಳುತ್ತದೆ. ಆಮೇಲೆ ಕಾಯ್ದೆ ಕಾನೂನುಗಳ ವಾಚನ: ‘ಅಟೆಂಡೆನ್ಸ್ 85 ಪರ್ಸೆಂಟ್ ಇರಬೇಕು, ಇಲ್ಲದಿದ್ದರೆ ನನ್ನ ಹತ್ತಿರ ಬರಬೇಡಿ. ಇಂಟರ್ನಲ್ಸ್ ನನ್ನ ಕೈಯಲ್ಲಿದೆ, ನೆನಪಿರಲಿ. ಹೋದ ವರ್ಷ ಈ ಸಬ್ಜೆಕ್ಟಿನಲ್ಲಿ ಎಷ್ಟು ಜನ ಹೋದರು ಅಂತ ಸೀನಿಯರ್ಸ್‌ನ ಕೇಳಿ.’ ಬಳಿಕ ಐದು ಮಾಡ್ಯೂಲ್‌ಗಳ ಸಿಲಬಸ್ ಓದುವುದು. ಕೊನೆಗೆ ಹಾಜರಿ. ಅದೂ ಹೆಸರಿನಿಂದಲ್ಲ, ಯುಎಸ್‌ಎನ್‌ನ ಕೊನೆಯ ಮೂರು ಅಂಕಿಗಳಿಂದ. ‘ಝೀರೊ ಫಾರ್ಟಿ ಟು?’ ‘ಪ್ರೆಸೆಂಟ್ ಸರ್.’ ನಾಲ್ಕು ತಿಂಗಳು ಕಳೆದು ಹಾಲ್‌ಟಿಕೆಟ್ ಕೈಗೆ ಬರುವ ಹೊತ್ತಿಗೂ ಅವರ ಪಾಲಿಗೆ ನಾವು ಝೀರೊ ಫಾರ್ಟಿ ಟು ಆಗಿಯೇ ಉಳಿದಿರುತ್ತೇವೆ.

ನಿಯಮ ಹೇಳಬಾರದು ಎಂಬುದು ನನ್ನ ತಕರಾರಲ್ಲ. ಮೊದಲ ಕ್ಲಾಸಿನಲ್ಲಿ ಕೂತ ಪ್ರತಿಯೊಬ್ಬರೂ ಮನಸ್ಸಿನಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳುತ್ತಿರುತ್ತಾರೆ. ‘ಈ ಕ್ಲಾಸಿನಲ್ಲಿ ನಾನೂ ಒಬ್ಬನಾ? ಇಲ್ಲ, ಆಟಕ್ಕುಂಟು ಲೆಕ್ಕಕ್ಕಿಲ್ಲವಾ?’ ಮುಂದಿನ ಬೆಂಚಿನ ಟಾಪರ್‌ಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವನಿಗೆ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಿಗೆ ಗೊತ್ತಿರುವುದಿಲ್ಲ. ಆ ಪ್ರಶ್ನೆಗೆ ‘ಹೌದು, ನೀನೂ ಲೆಕ್ಕಕ್ಕಿದ್ದೀಯ’ ಎಂದು ಮೊದಲ ದಿನವೇ ಉತ್ತರ ಕೊಡುವ ಲೆಕ್ಚರರ್ ಅರ್ಧ ಪಾಠ ಮಾಡಿ ಮುಗಿಸಿದ ಹಾಗೆ. ಇದು ನನ್ನ ಅಭಿಪ್ರಾಯ.

ಇದನ್ನು ವಿದ್ಯಾರ್ಥಿಗಳೇ ಓದುವ ಪುಟಕ್ಕೆ ಬರೆಯಲು ಕಾರಣವಿದೆ. ಈ ಪುಟ ತಿರುವಿಹಾಕುವವರಲ್ಲೇ ನಾಳಿನ ಲೆಕ್ಚರರ್‌ಗಳಿದ್ದಾರೆ. ಎಂಟೆಕ್ ಮುಗಿಸಿ ಕಾಲೇಜುಗಳಿಗೆ ರೆಸ್ಯೂಮೆ ಕಳಿಸುತ್ತಿರುವವರು, ನೆಟ್, ಕೆಸೆಟ್‌ಗೆ ಓದುತ್ತಿರುವವರು, ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ತಮ್ಮ ಹೆಸರು ಬಂತೇ ಎಂದು ದಿನಾ ನೋಡುತ್ತಿರುವವರು. ನೀವು ಆ ಬಾಗಿಲು ದಾಟುವ ಮೊದಲು, ಒಳಗೆ ಕೂತವರ ಮಾತು ಸ್ವಲ್ಪ ಕೇಳಿಸಿಕೊಳ್ಳಿ ಎಂಬುದಷ್ಟೇ ನನ್ನ ವಿನಂತಿ.

ಅರ್ಧ ನಿಮಿಷದ ತೀರ್ಪು

ಮೊದಲ ನೋಟಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಒಂದು ಹೆಸರಾಂತ ಅಧ್ಯಯನವಿದೆ. ಅಮೆರಿಕದ ಹಾರ್ವರ್ಡ್‌ನಲ್ಲಿ ನಳಿನಿ ಅಂಬಾಡಿ ಮತ್ತು ರಾಬರ್ಟ್ ರೊಸೆಂಥಾಲ್ 1993ರಲ್ಲಿ ಪ್ರಕಟಿಸಿದ್ದು. ಪಾಠ ಮಾಡುತ್ತಿರುವವರ ವಿಡಿಯೊದಿಂದ ಹತ್ತು ಹತ್ತು ಸೆಕೆಂಡಿನ ಮೂರು ತುಣುಕು ಕತ್ತರಿಸಿ, ಧ್ವನಿ ತೆಗೆದು, ಅವರನ್ನು ಎಂದೂ ಕಂಡಿರದವರಿಗೆ ತೋರಿಸಿದರು. ಒಟ್ಟು ಅರ್ಧ ನಿಮಿಷ, ಅದೂ ಮೂಕಿ ಚಿತ್ರ. ಅದನ್ನು ನೋಡಿದವರು ಕೊಟ್ಟ ಅಂಕಕ್ಕೂ, ಒಂದಿಡೀ ಸೆಮಿಸ್ಟರ್ ಪಾಠ ಕೇಳಿದ ವಿದ್ಯಾರ್ಥಿಗಳು ಕೊನೆಯಲ್ಲಿ ಕೊಟ್ಟ ಅಂಕಕ್ಕೂ ಗಣನೀಯ ಹೊಂದಾಣಿಕೆ ಕಂಡುಬಂತು.

ಇದನ್ನು ಓದಿ ‘ಹಾಗಾದರೆ ಮೊದಲ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ನಗುತ್ತಾ ಹೋದರೆ ಸಾಕು’ ಎಂದುಕೊಂಡರೆ ಕೆಟ್ಟಿರಿ. ಈ ಅಧ್ಯಯನ ಅಳೆದದ್ದು ವಿದ್ಯಾರ್ಥಿಗಳ ಮೆಚ್ಚುಗೆಯನ್ನು. ಅವರು ಎಷ್ಟು ಕಲಿತರು ಎಂಬುದನ್ನಲ್ಲ. ನಗಿಸಿ ನಗಿಸಿ ನಾಲ್ಕು ತಿಂಗಳು ಕಳೆದು, ಪರೀಕ್ಷೆಯ ಹಿಂದಿನ ರಾತ್ರಿ ನಮ್ಮನ್ನು ಯೂಟ್ಯೂಬ್‌ಗೆ ಒಪ್ಪಿಸಿ ಹೋಗುವ ಸರ್‌ಗಳೂ ನಮಗೆ ಗೊತ್ತು. ಅವರ ಬಗ್ಗೆ ಫೀಡ್‌ಬ್ಯಾಕ್ ಫಾರಂನಲ್ಲಿ ಯಾರೂ ಕೆಟ್ಟದ್ದು ಬರೆಯುವುದಿಲ್ಲ, ರಿಸಲ್ಟ್ ಬಂದ ದಿನ ಮಾತ್ರ ತುಂಬ ನೆನಪಾಗುತ್ತಾರೆ.

ಆದ್ದರಿಂದ ಮೊದಲ ದಿನದ ಗುರಿ ನಮ್ಮನ್ನು ಮೆಚ್ಚಿಸುವುದಾಗಬೇಕಿಲ್ಲ. ವಿದ್ಯಾರ್ಥಿಗಳು ಬೇಗ ತೀರ್ಪು ಕೊಡುತ್ತಾರೆ ಎಂಬುದು ಖಚಿತವಾದ ಮೇಲೆ, ಆ ಸಮಯವನ್ನು ಬೆದರಿಕೆಗೆ ವ್ಯಯಿಸುವುದು ಎಷ್ಟು ನಷ್ಟ ಎಂದು ಯೋಚಿಸಬೇಕು. ಒಮ್ಮೆ ‘ಇವರ ಹತ್ತಿರ ಬಾಯಿ ಬಿಡಬಾರದು’ ಎಂದು ಅರವತ್ತು ಜನ ತೀರ್ಮಾನಿಸಿದರೆ, ಅದನ್ನು ಬದಲಿಸಲು ಎರಡನೇ ಇಂಟರ್ನಲ್ಸ್‌ವರೆಗೂ ಒದ್ದಾಡಬೇಕಾಗುತ್ತದೆ. ಬಹಳ ಸಲ ಅದು ಬದಲಾಗುವುದೇ ಇಲ್ಲ.

ಕೆಟ್ಟ ಬಲ್ಬಿನ ಪಾಠ

ನಾನು ನೋಡಿದ ಒಂದು ಒಳ್ಳೆಯ ಆರಂಭವನ್ನು ಹೇಳುತ್ತೇನೆ. ಮೂರನೇ ಸೆಮಿಸ್ಟರ್, ನೆಟ್‌ವರ್ಕ್ ಅನಾಲಿಸಿಸ್. ಸರ್ ಬಂದವರೇ ಜೇಬಿನಿಂದ ಕೆಟ್ಟುಹೋದ ಒಂದು ಎಲ್‌ಇಡಿ ಬಲ್ಬ್ ತೆಗೆದು ಮೇಜಿನ ಮೇಲಿಟ್ಟರು. ಬಿಳಿ ಮುಚ್ಚಳ ಬಿಚ್ಚಿ ಮೊದಲ ಬೆಂಚಿಗೆ ಕೊಟ್ಟು, ಕೊನೆಯ ಬೆಂಚಿನವರೆಗೂ ಕೈಯಿಂದ ಕೈಗೆ ದಾಟಿಸಿ ಎಂದರು. ಒಳಗೆ ಅಲ್ಯೂಮಿನಿಯಂ ತಟ್ಟೆಯ ಮೇಲೆ ಹಳದಿ ಬಣ್ಣದ ಪುಟ್ಟ ಪುಟ್ಟ ಎಲ್‌ಇಡಿಗಳು. ಅದರಲ್ಲಿ ಒಂದರ ಮೇಲೆ ಮಾತ್ರ ಕರಿ ಚುಕ್ಕಿ. ‘ಸುಟ್ಟಿರುವುದು ಒಂದೇ. ಉಳಿದವೆಲ್ಲ ಚೆನ್ನಾಗಿವೆ. ಆದರೂ ಬಲ್ಬ್ ಉರಿಯುತ್ತಿಲ್ಲ. ಯಾಕೆ?’ ಎಂದು ಕೇಳಿ ಸುಮ್ಮನೆ ನಿಂತರು.

ಸಿಲಬಸ್ ಓದಲಿಲ್ಲ. ಆ ಬಲ್ಬಿನಿಂದಲೇ ಸೀರೀಸ್, ಪ್ಯಾರಲಲ್, ವೋಲ್ಟೇಜ್ ಹಂಚಿಕೆ ಎಲ್ಲ ಹೊರಬಂದವು. ಮನೆಯ ಪ್ಲಗ್‌ನಲ್ಲಿರುವ 230 ವೋಲ್ಟ್ ಎಸಿಯನ್ನು ಈ ಪುಟ್ಟ ಚುಕ್ಕಿಗಳು ತಡೆದುಕೊಳ್ಳುವ ಡಿಸಿಯಾಗಿ ಬದಲಿಸಲು ಅದರ ಹೊಟ್ಟೆಯೊಳಗೆ ಏನೇನಿರಬೇಕು ಎಂಬ ಚರ್ಚೆಯೂ ನಡೆಯಿತು. ಗಂಟೆ ಹೊಡೆಯುವ ಐದು ನಿಮಿಷ ಮೊದಲು ‘ಈ ಸೆಮಿಸ್ಟರ್ ಇಡೀ ನಾವು ಮಾಡುವುದು ಇಂಥದ್ದನ್ನೇ’ ಎಂದು ಹೇಳಿ, ಅಟೆಂಡೆನ್ಸ್, ಇಂಟರ್ನಲ್ಸ್ ವಿಷಯವನ್ನು ನಾಲ್ಕು ವಾಕ್ಯದಲ್ಲಿ ಮುಗಿಸಿದರು. ಅಂದು ಸಂಜೆ ಹಾಸ್ಟೆಲ್‌ನಲ್ಲಿ ಇಬ್ಬರು ಹುಡುಗರು ಕೆಟ್ಟ ಬಲ್ಬ್ ಹುಡುಕಿ ಬಿಚ್ಚುತ್ತಾ ಕೂತಿದ್ದರು. ಮೊದಲ ದಿನವೇ ಹೋಂವರ್ಕ್ ಕೊಡದೆ ಹೋಂವರ್ಕ್ ಮಾಡಿಸಿದ ಸರ್ ಅವರು.

ನಿಜವಾಗಿ ಹೇಳಬೇಕಾದ್ದು ಇದಾದ ಕೆಲವು ವಾರಗಳ ನಂತರದ್ದು. ಡಿಪ್ಲೊಮಾ ಮುಗಿಸಿದವರು ಡಿಸೆಟ್ ಬರೆದು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಮೂರನೇ ಸೆಮಿಸ್ಟರ್‌ಗೆ ಬರುತ್ತಾರೆ. ಕೌನ್ಸೆಲಿಂಗ್ ಮುಗಿದು ಅವರು ಬರುವ ಹೊತ್ತಿಗೆ ನಮಗಾಗಲೇ ಒಂದು ಮಾಡ್ಯೂಲ್ ಹತ್ತಿರ ಹತ್ತಿರ ಮುಗಿದಿತ್ತು. ಅವರ ಯುಎಸ್‌ಎನ್ ನಾನೂರರಿಂದ ಶುರುವಾಗುತ್ತದೆ. ಹಾಗಾಗಿ ಕ್ಲಾಸಿನಲ್ಲಿ ಅವರಿಗೆ ‘ನಾನೂರರವರು’ ಎಂದೇ ಹೆಸರು. ಹಾಜರಿಯಲ್ಲಿ ಕೊನೆ, ಬೆಂಚಿನಲ್ಲಿ ಕೊನೆ. ಬೇರೆ ಸಬ್ಜೆಕ್ಟ್‌ಗಳಲ್ಲಿ ಅವರಿಗೆ ಸಿಕ್ಕ ಸ್ವಾಗತ ಒಂದೇ ಸಾಲಿನದು: ‘ಹಿಂದಿನ ನೋಟ್ಸ್ ಫ್ರೆಂಡ್ಸ್ ಹತ್ತಿರ ತಗೊಂಡು ಬರ್ಕೊಳ್ಳಿ.’ ಯಾವ ಫ್ರೆಂಡ್ಸ್? ಆ ಬೆಳಿಗ್ಗೆ ತಾನೇ ಬಂದವರು!

ನೆಟ್‌ವರ್ಕ್ ಸರ್ ಮಾತ್ರ ಆ ದಿನ ಮತ್ತೆ ಅದೇ ಬಲ್ಬ್ ತಂದರು. ‘ಹಳಬರು ಸುಮ್ಮನಿರಿ, ಉತ್ತರ ಹೇಳಬೇಡಿ’ ಎಂದು ನಮಗೆ ತಾಕೀತು ಮಾಡಿ, ಹೊಸಬರ ಕೈಗೆ ಬಲ್ಬ್ ಕೊಟ್ಟು ಅದೇ ಪ್ರಶ್ನೆ ಕೇಳಿದರು. ಹಾವೇರಿ ಕಡೆಯ ಒಬ್ಬ ಹುಡುಗ ಬಲ್ಬನ್ನು ಒಮ್ಮೆ ನೋಡಿ ಹೇಳಿದ: ‘ಎಲ್ಲಾ ಸೀರೀಸ್‌ದಾಗ ಇರ್ತಾವ್ರಿ ಸರ್. ಒಂದ್ ಹೋತಂದ್ರ ಲೈನೇ ಕಟ್ ಆಗತೈತಿ. ಆ ಕರಿ ಚುಕ್ಕಿ ಇದ್ದದ್ದನ್ನ ಶಾರ್ಟ್ ಮಾಡಿದ್ರ ಮತ್ತ ಹತ್ತತೈತ್ರಿ, ಆದ್ರ ಬಾಳ ದಿನ ಬಾಳಂಗಿಲ್ಲ.’ ಮಾವನ ರಿಪೇರಿ ಅಂಗಡಿಯಲ್ಲಿ ರಜೆಯಲ್ಲೆಲ್ಲ ಕೆಲಸ ಮಾಡಿದವನಂತೆ. ‘ಬಹಳ ದಿನ ಯಾಕೆ ಬಾಳಲ್ಲ?’ ಎಂದು ಸರ್ ನಮ್ಮ ಕಡೆ ತಿರುಗಿದರು. ಮೂರು ವಾರ ಪಾಠ ಕೇಳಿದ್ದ ನಾವು ಮುಖ ಮುಖ ನೋಡಿಕೊಂಡೆವು. ಒಂದನ್ನು ದಾಟಿಸಿಬಿಟ್ಟರೆ ಉಳಿದವುಗಳ ಮೇಲೆ ಹೊರೆ ಹೆಚ್ಚುತ್ತದೆ ಎಂಬುದನ್ನು ಸರ್ ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದರು. ಹತ್ತು ನಿಮಿಷದ ಕೆಲಸ. ಅಂದಿನಿಂದ ಆ ಹುಡುಗ ‘ನಾನೂರರವನು’ ಆಗಿ ಉಳಿಯಲಿಲ್ಲ. ಲ್ಯಾಬಿನಲ್ಲಿ ಸರ್ಕ್ಯೂಟ್ ಕೈಕೊಟ್ಟರೆ ಎಲ್ಲರೂ ಅವನನ್ನು ಹೆಸರು ಹಿಡಿದು ಕರೆಯತೊಡಗಿದರು.

ಆ ಸೆಮಿಸ್ಟರ್‌ನಲ್ಲಿ ಅವನಿಗೆ ಎರಡು ಬ್ಯಾಕ್‌ಲಾಗ್ ಉಳಿದವು. ಒಂದು ಮ್ಯಾಥ್ಸ್. ಫೂರಿಯೆ ಸರಣಿ ಅರ್ಥವಾಗದೆ ಇದ್ದಾಗ ಅವನು ಯಾರನ್ನೂ ಕೇಳಲಿಲ್ಲ. ನೆಟ್‌ವರ್ಕ್ ಪಾಸಾದ. ಹತ್ತು ನಿಮಿಷದ ಬಲ್ಬಿನಿಂದಲೇ ಪಾಸಾದ ಎಂದು ಹೇಳಿದರೆ ಸಿನಿಮಾ ಕಥೆಯಾಗುತ್ತದೆ. ಆದರೆ ಒಂದು ಸಬ್ಜೆಕ್ಟಿನಲ್ಲಿ ಡೌಟ್ ಬಂದಾಗ ಸ್ಟಾಫ್‌ರೂಮಿನ ಬಾಗಿಲವರೆಗೆ ಹೋಗುತ್ತಿದ್ದವನು, ಇನ್ನೊಂದರಲ್ಲಿ ಆ ಕಾರಿಡಾರ್‌ನಲ್ಲೇ ಓಡಾಡುತ್ತಿರಲಿಲ್ಲ. ಹುಡುಗ ಅವನೇ, ಬುದ್ಧಿಯೂ ಅದೇ. ಆರಂಭ ಮಾತ್ರ ಬೇರೆ ಬೇರೆ.

ಇದರಿಂದ ನನಗೆ ಅರ್ಥವಾದದ್ದು ಇಷ್ಟು: ಮೊದಲ ದಿನ ಎಂಬುದು ಕಾಲೇಜಿನ ಕ್ಯಾಲೆಂಡರಿನಲ್ಲಿರುವ ತಾರೀಖಲ್ಲ. ಯಾವ ವಿದ್ಯಾರ್ಥಿ ಯಾವತ್ತು ಬರುತ್ತಾನೋ ಅವತ್ತು ಅವನ ಮೊದಲ ದಿನ. ಕೊನೆಯ ಸುತ್ತಿನ ಕೌನ್ಸೆಲಿಂಗ್‌ನಲ್ಲಿ ಸೀಟು ಸಿಕ್ಕಿ ತಡವಾಗಿ ಬಂದವಳಿಗೆ, ಜ್ವರ ಬಂದು ಎರಡು ವಾರ ಊರಿನಲ್ಲಿ ಉಳಿದವನಿಗೆ, ಹೊಸ ಸೆಕ್ಷನ್‌ಗೆ ಬದಲಾದವರಿಗೆ ಹತ್ತು ನಿಮಿಷದ ಇನ್ನೊಂದು ಆರಂಭ ಬೇಕು. ಮೊದಲ ವರ್ಷದವರಿಗಾಗಿ ಎಐಸಿಟಿಇ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮ ರೂಪಿಸಿದೆ. ಒಳ್ಳೆಯದೇ. ಆದರೆ ತಡವಾಗಿ ಬಂದವರ ಇಂಡಕ್ಷನ್, ಆಯಾ ಲೆಕ್ಚರರ್ ತಮ್ಮ ಕ್ಲಾಸಿನಲ್ಲಿ ಎತ್ತಿಡುವ ಹತ್ತು ನಿಮಿಷವೇ.

ಚೀಟಿಯಲ್ಲಿ ಬಂದ ಸತ್ಯ

ಇನ್ನೊಬ್ಬರು ಮೇಡಂ. ಆಗಷ್ಟೇ ಎಂಟೆಕ್ ಮುಗಿಸಿ ಬಂದವರು. ನಮಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು, ಅಷ್ಟೆ. ಮೊದಲ ಕ್ಲಾಸಿನಲ್ಲಿ ಎಲ್ಲರಿಗೂ ಕಾಲು ಹಾಳೆಯ ಚೀಟಿ ಹಂಚಿದರು. ನಿಮ್ಮನ್ನು ಏನೆಂದು ಕರೆಯಬೇಕು, ಯಾವ ಊರು, ಎಲ್ಲಿಯವರೆಗೆ ಯಾವ ಮಾಧ್ಯಮದಲ್ಲಿ ಓದಿದಿರಿ, ಈ ಸಬ್ಜೆಕ್ಟಿನಲ್ಲಿ ಯಾವುದಕ್ಕೆ ಹೆದರುತ್ತೀರಿ. ನಾಲ್ಕು ಪ್ರಶ್ನೆ. ಓದುವುದು ತಾವೊಬ್ಬರೇ ಎಂದೂ ಹೇಳಿದರು. ಮರುದಿನ ಬಂದು, ‘ಅರ್ಧಕ್ಕಿಂತ ಹೆಚ್ಚು ಜನ ಇಂಟಿಗ್ರೇಷನ್ ಅಂದರೆ ಭಯ ಅಂತ ಬರೆದಿದ್ದೀರಿ. ಆದ್ದರಿಂದ ಇವತ್ತು ಮಾಡ್ಯೂಲ್ ಒಂದು ಬೇಡ, ಇಂಟಿಗ್ರೇಷನ್ ಒಮ್ಮೆ ನೋಡಿಬಿಡೋಣ’ ಎಂದರು.

ಆ ಒಂದು ಗಂಟೆ ವ್ಯರ್ಥವಾಯಿತೇ? ಮುಂದೆ ಪ್ರತಿ ಡಿರೈವೇಷನ್‌ನಲ್ಲೂ ನಿಂತು ನಿಂತು ವಿವರಿಸುವ ಸಮಯ ಉಳಿಯಿತು. ಅದಕ್ಕಿಂತ ಮುಖ್ಯವಾಗಿ, ತನಗೊಬ್ಬಳಿಗೇ ಬರುವುದಿಲ್ಲ ಎಂದುಕೊಂಡಿದ್ದವಳಿಗೆ ಕ್ಲಾಸಿನ ಅರ್ಧ ಜನ ತನ್ನ ಜೊತೆಗಿದ್ದಾರೆ ಎಂದು ಗೊತ್ತಾಯಿತು. ಚೀಟಿಗಳನ್ನು ಮೇಡಂ ಎಸೆಯಲಿಲ್ಲ ಎಂಬುದು ನಮಗೆ ತಿಳಿದದ್ದು ಮೂರನೇ ವಾರದಲ್ಲಿ. ಹಾಜರಿ ಪುಸ್ತಕ ನೋಡದೆ ಹೆಸರು ಕರೆಯತೊಡಗಿದಾಗ.

ಅರವತ್ತು ಹೆಸರು ನೆನಪಿಡುವುದು ಸುಲಭವೇ ಎಂದು ಕೇಳಬಹುದು. ನಾಲ್ಕು ಸೆಕ್ಷನ್‌ಗೆ ಪಾಠ ಮಾಡುವವರಿಗೆ ಇನ್ನೂರು ದಾಟುತ್ತದೆ. ಎಲ್ಲ ಹೆಸರೂ ಬರಬೇಕಿಲ್ಲ. ಪ್ರಯತ್ನ ಕಂಡರೆ ಸಾಕು. ‘ನಿನ್ನ ಹೆಸರು ಮತ್ತೆ ಮರೆತೆ, ಇನ್ನೊಂದು ಸಲ ಹೇಳಮ್ಮ’ ಎಂದು ಮೇಡಂ ಕೇಳಿದಾಗ ಯಾರಿಗೂ ಬೇಸರವಾಗಲಿಲ್ಲ. ಬರೀ ನಂಬರ್ ಆಗಿದ್ದರೆ ಮರೆಯುವ ಪ್ರಶ್ನೆಯೇ ಇರುತ್ತಿರಲಿಲ್ಲ.

ಮೂರು ಸೆಕೆಂಡು ಕಾಯಿರಿ

ಕನ್ನಡ ಮಾಧ್ಯಮದಿಂದ ಬಂದವರ ಕಷ್ಟವನ್ನು ಬೇರೆಯಾಗಿಯೇ ಹೇಳಬೇಕು. ಅವರಿಗೆ ವಿಷಯ ಗೊತ್ತಿರುವುದಿಲ್ಲ ಎಂದು ತಿಳಿಯುವವರೇ ಹೆಚ್ಚು. ಪ್ರಶ್ನೆ ಕಿವಿಗೆ ಬೀಳುವುದು ಇಂಗ್ಲಿಷಿನಲ್ಲಿ, ಯೋಚನೆ ನಡೆಯುವುದು ಕನ್ನಡದಲ್ಲಿ, ಉತ್ತರ ಮತ್ತೆ ಇಂಗ್ಲಿಷಿಗೆ ಬರಬೇಕು. ಅಷ್ಟರಲ್ಲಿ ಮುಂದಿನ ಬೆಂಚಿನವರು ಉತ್ತರ ಹೇಳಿ, ಸರ್ ‘ವೆರಿ ಗುಡ್’ ಎಂದು, ಮುಂದಿನ ಸಾಲು ಬೋರ್ಡಿನ ಮೇಲೆ ಬಂದಿರುತ್ತದೆ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಶಾಲಾ ತರಗತಿಗಳನ್ನು ಗಮನಿಸಿ ಒಂದು ಸಣ್ಣ ಸಂಗತಿ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ‘ಗೊತ್ತಿಲ್ಲ’ಗಳು ಕಡಿಮೆಯಾದವು, ಮೊದಲು ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡತೊಡಗಿದರು. ಎರಡು ಭಾಷೆಗಳ ನಡುವೆ ಓಡಾಡಿ ಬರಬೇಕಾದವರಿಗೆ ಆ ಎರಡು ಸೆಕೆಂಡಿನ ಬೆಲೆ ಇನ್ನೂ ಹೆಚ್ಚು. ಇದಕ್ಕೆ ಪ್ರೊಜೆಕ್ಟರ್ ಬೇಡ, ಬಜೆಟ್ ಬೇಡ. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದರಾಯಿತು.

ಇನ್ನೊಂದು ಮಾತನ್ನು ಮೊದಲ ದಿನವೇ ಹೇಳಬಹುದು: ‘ಡೌಟ್ ಇದ್ದರೆ ಕನ್ನಡದಲ್ಲೇ ಕೇಳಿ, ತೊಂದರೆಯಿಲ್ಲ.’ ಎಂಜಿನಿಯರಿಂಗನ್ನು ಕನ್ನಡದಲ್ಲಿ ಕಲಿಸಲು ಎಐಸಿಟಿಇ 2021ರಲ್ಲೇ ಅವಕಾಶ ಕೊಟ್ಟಿದೆ. ನಾನು ಅಷ್ಟು ದೂರ ಹೋಗುತ್ತಿಲ್ಲ. ಪಾಠ ಇಂಗ್ಲಿಷಿನಲ್ಲೇ ಇರಲಿ. ಪಕ್ಕದಲ್ಲಿ ಬಿಹಾರದವರು, ಆಂಧ್ರದವರು ಕೂತಿರುತ್ತಾರೆ, ಅವರೂ ಲೆಕ್ಕಕ್ಕಿರಬೇಕು. ಕನ್ನಡದಲ್ಲಿ ಬಂದ ಪ್ರಶ್ನೆಯನ್ನು ಲೆಕ್ಚರರ್ ಒಮ್ಮೆ ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿ ಉತ್ತರಿಸಿದರೆ ಯಾರಿಗೂ ನಷ್ಟವಿಲ್ಲ. ಕೇಳಿದವಳಿಗೆ ತನ್ನ ಪ್ರಶ್ನೆ ಇಂಗ್ಲಿಷಿನಲ್ಲಿ ಹೇಗಿರುತ್ತದೆ ಎಂಬುದೂ ತಿಳಿಯುತ್ತದೆ. ನಾಳೆ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಅದೇ ಅವಳಿಗೆ ಬಂಡವಾಳ. ಹೊರರಾಜ್ಯದವರಿಗೆ ವಿಟಿಯುದಲ್ಲಿ ‘ಬಳಕೆ ಕನ್ನಡ’ ಎಂಬ ಪಠ್ಯವೇ ಇದೆ. ಪ್ರಶ್ನೆ ಎರಡು ಭಾಷೆಯಲ್ಲಿ ಕಿವಿಗೆ ಬಿದ್ದರೆ ಅವರಿಗೂ ಅದೊಂದು ಪಾಠ.

ಹಾಗಾದರೆ ಬಿಗಿ ಬೇಡವೇ?

‘ಮೊದಲ ದಿನವೇ ಸಲುಗೆ ಕೊಟ್ಟರೆ ಹುಡುಗರು ತಲೆ ಮೇಲೆ ಕೂರುತ್ತಾರೆ.’ ಹೊಸದಾಗಿ ಸೇರುವ ಲೆಕ್ಚರರ್‌ಗೆ ಹಿರಿಯರು ಸ್ಟಾಫ್‌ರೂಮಿನಲ್ಲಿ ಕೊಡುವ ಮೊದಲ ಬುದ್ಧಿಮಾತು ಇದು ಎಂದು ಪಾಠ ಮಾಡುವ ಸೀನಿಯರ್ ಒಬ್ಬರು ನನಗೆ ಹೇಳಿದ್ದರು. ಈ ಭಯದಲ್ಲಿ ಹುರುಳಿಲ್ಲ ಎನ್ನಲಾರೆ. ಹೈಸ್ಕೂಲ್ ಮೇಷ್ಟ್ರಾಗಬೇಕಾದರೆ ಬಿ.ಎಡ್ ಓದಬೇಕು, ಶಾಲೆಗೆ ಹೋಗಿ ಪಾಠ ಮಾಡಿ ಅಭ್ಯಾಸ ಮಾಡಬೇಕು. ಎಂಜಿನಿಯರಿಂಗ್ ಕಾಲೇಜಿಗೆ ಬಿಇ, ಎಂಟೆಕ್ ಓದಿ ಬಂದರೆ ಸಾಕು, ಪಾಠ ಹೇಳುವುದನ್ನು ಕಲಿಯಲೇಬೇಕು ಎಂಬ ಪದವಿಯ ಷರತ್ತಿಲ್ಲ. ಹೊಸ ಅಧ್ಯಾಪಕರಿಗಾಗಿ ಎಐಸಿಟಿಇ ಎಂಟು ಮಾಡ್ಯೂಲ್‌ಗಳ ಆನ್‌ಲೈನ್ ತರಬೇತಿ ಮಾಡಿದೆಯಾದರೂ, ಅದು ಮುಗಿಯುವುದಕ್ಕೆ ಮೊದಲೇ ಅರವತ್ತು ಜನರ ಎದುರು ನಿಲ್ಲಬೇಕಾದ ಬೆಳಗು ಬಂದಿರುತ್ತದೆ. ಇಪ್ಪತ್ತೈದರ ಹರೆಯದವರು, ಕೈಯಲ್ಲಿ ಚಾಕ್‌ಪೀಸ್, ಎದುರಿಗೆ ಹೆಚ್ಚು ಕಡಿಮೆ ತಮ್ಮದೇ ವಯಸ್ಸಿನವರು. ಗದರಿಸುವುದು ಆಗ ಕೈಗೆ ಸಿಗುವ ಮೊದಲ ಗುರಾಣಿ.

ಆದರೆ ಬಿಗಿ ಬೇರೆ, ಬೆದರಿಕೆ ಬೇರೆ. ನಾನು ಕಂಡ ಅತ್ಯಂತ ಬಿಗಿಯಾದ ಲೆಕ್ಚರರ್ ಎಂದರೆ ಆ ಬಲ್ಬಿನ ಸರ್ರೇ. ಒಂಬತ್ತು ಗಂಟೆ ಎಂದರೆ ಒಂಬತ್ತಕ್ಕೆ ಪಾಠ ಶುರು. ಬ್ಲೂಬುಕ್ ಒಂದು ವಾರದಲ್ಲಿ ಕೊಡುತ್ತೇನೆ ಎಂದರೆ ಒಂದು ವಾರದಲ್ಲಿ ಕೊಡುತ್ತಿದ್ದರು. ಅಸೈನ್‌ಮೆಂಟ್ ತಡವಾದರೆ ಎಷ್ಟು ಅಂಕ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು, ಟಾಪರ್ ತಡ ಮಾಡಿದಾಗಲೂ ಕಡಿದರು. ಅವರು ಕಾಯ್ದೆಯನ್ನು ತಮಗೂ ಹಾಕಿಕೊಂಡಿದ್ದರಿಂದ ನಮಗೆ ಅದು ದಬ್ಬಾಳಿಕೆ ಅನಿಸಲಿಲ್ಲ.

ನಿಯಮ ಹೇಳುವ ರೀತಿಯಲ್ಲೇ ವ್ಯತ್ಯಾಸವಿದೆ. ‘ಇಂಟರ್ನಲ್ಸ್ ನನ್ನ ಕೈಯಲ್ಲಿದೆ’ ಎಂದರೆ ಅದು ಬೆದರಿಕೆ. ‘ಇಂಟರ್ನಲ್ಸ್‌ಗೆ 50, ಸೆಮಿಸ್ಟರ್ ಪರೀಕ್ಷೆಗೆ 50. ಇಂಟರ್ನಲ್ಸ್‌ನಲ್ಲಿ 20 ಬರದಿದ್ದರೆ ಪರೀಕ್ಷೆಗೇ ಕೂರುವಂತಿಲ್ಲ. ಆದ್ದರಿಂದ ಮೊದಲ ಟೆಸ್ಟ್ ಆದ ವಾರವೇ ಕಡಿಮೆ ಬಂದವರು ನನ್ನನ್ನು ಕಾಣಿ, ಕೊನೆಯ ವಾರ ಬಂದರೆ ನಾನೂ ಏನೂ ಮಾಡಲಾರೆ’ ಎಂದರೆ ಅದು ಮಾಹಿತಿ. ಎರಡರಲ್ಲೂ ಇರುವ ಅಂಕಿ ಒಂದೇ. ಮೊದಲನೆಯದನ್ನು ಕೇಳಿದವನು ಲೆಕ್ಚರರ್‌ರಿಂದ ತಪ್ಪಿಸಿಕೊಂಡು ಓಡಾಡುತ್ತಾನೆ, ಎರಡನೆಯದನ್ನು ಕೇಳಿದವನಿಗೆ ಯಾವತ್ತು ಎಲ್ಲಿಗೆ ಹೋಗಬೇಕು ಎಂದು ಗೊತ್ತಿರುತ್ತದೆ. ಮನೆಯಲ್ಲಿ ಕಾಲೇಜಿನ ರೀತಿನೀತಿ ತಿಳಿಸಿ ಹೇಳುವವರು ಯಾರೂ ಇಲ್ಲದ ಹುಡುಗನಿಗೆ ಆ ಮಾಹಿತಿಯೇ ಒಂದು ವರ್ಷ ಉಳಿಸಬಹುದು.

ನಮ್ಮ ಪಾಲಿನದು

ಎಲ್ಲ ಭಾರವನ್ನೂ ಲೆಕ್ಚರರ್ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಹೊಸಬರು ಬಂದರೆ ಹಿಂದಿನ ಬೆಂಚಿಗೆ ಹಬ್ಬ. ಬೋರ್ಡಿನ ಕಡೆ ತಿರುಗಿದಾಗ ಶಿಳ್ಳೆ, ಮೊಬೈಲಿನಲ್ಲಿ ಬೆಕ್ಕಿನ ಕೂಗು, ಬೇಕೆಂದೇ ಕೇಳುವ ಅಡ್ಡ ಪ್ರಶ್ನೆ. ಅದನ್ನು ಹಿಂದಿನಿಂದ ನೋಡಿದರೆ ತಮಾಷೆ. ಚಾಕ್‌ಪೀಸ್ ಹಿಡಿದ ಕೈ ನಡುಗುವುದು ಕಾಣುವುದು ಮುಂದಿನ ಎರಡು ಬೆಂಚಿನವರಿಗೆ ಮಾತ್ರ. ಸಾಲ ಮಾಡಿ ಎಂಟೆಕ್ ಓದಿ, ವರ್ಷವಿಡೀ ಕೆಲಸ ಹುಡುಕಿ, ಕೊನೆಗೆ ಈ ಬಾಗಿಲಿಗೆ ಬಂದು ನಿಂತವರಿರಬಹುದು ಅವರು. ಆ ಮೊದಲ ಗಂಟೆಯಲ್ಲಿ ಅವರನ್ನು ಪರೀಕ್ಷಿಸಿ ಗೆದ್ದರೆ, ಮುಂದಿನ ನಾಲ್ಕು ತಿಂಗಳು ಗದರಿಸುವ ಒಬ್ಬ ಲೆಕ್ಚರರ್‌ನ್ನು ನಾವೇ ತಯಾರು ಮಾಡಿಕೊಂಡಂತೆ. ಅವರೂ ನಮ್ಮ ಕಡೆ ನೋಡಿ ಅದೇ ಪ್ರಶ್ನೆ ಕೇಳಿಕೊಳ್ಳುತ್ತಿರುತ್ತಾರೆ: ‘ಇವರ ಲೆಕ್ಕದಲ್ಲಿ ನಾನಿದ್ದೇನಾ?’

ಇನ್ನು ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಲೆಕ್ಚರರ್ ಹುದ್ದೆಯ ಸಂದರ್ಶನದಲ್ಲಿ ಡೆಮೊ ಕ್ಲಾಸ್ ಕೊಡಿ ಎನ್ನುವುದು ಸಾಮಾನ್ಯ. ಹೆಚ್ಚಿನವರು ಎದುರಿಗೆ ಕೂತ ಪ್ರೊಫೆಸರ್‌ಗಳನ್ನು ಮೆಚ್ಚಿಸಲು ಕಠಿಣವಾದ ಡಿರೈವೇಷನ್ ಆರಿಸಿಕೊಳ್ಳುತ್ತಾರೆ. ಮನೆಯಲ್ಲಿ ಇನ್ನೂ ಒಂದನ್ನು ಅಭ್ಯಾಸ ಮಾಡಿಕೊಂಡಿರಿ: ಕೆಲಸ ಸಿಕ್ಕ ಮೇಲಿನ ಮೊದಲ ಹದಿನೈದು ನಿಮಿಷ. ನಿಮ್ಮ ವಿಷಯದಿಂದ ಎಲ್ಲರೂ ಕೈಯಲ್ಲಿ ಹಿಡಿದು ನೋಡಬಹುದಾದ ಒಂದು ವಸ್ತು ಯಾವುದು? ಸಿವಿಲ್ ಆದರೆ ಬಿರುಕು ಬಿಟ್ಟ ಸಿಮೆಂಟ್ ತುಂಡು, ಮೆಕ್ಯಾನಿಕಲ್ ಆದರೆ ಸವೆದ ಬೇರಿಂಗ್, ಕಾಮರ್ಸ್ ಆದರೆ ಅಂಗಡಿಯ ಜಿಎಸ್‌ಟಿ ಬಿಲ್. ಆ ವಸ್ತುವಿನ ಬಗ್ಗೆ, ಪುಸ್ತಕ ಓದದವರೂ ಊಹಿಸಿ ಉತ್ತರಿಸಬಹುದಾದ ಒಂದು ಪ್ರಶ್ನೆ ಯಾವುದು? ನಿಯಮಗಳನ್ನು ನಾಲ್ಕೇ ವಾಕ್ಯದಲ್ಲಿ, ಕಾರಣ ಸಮೇತ ಹೇಗೆ ಹೇಳುತ್ತೀರಿ? ಈ ಮೂರು ಸಿದ್ಧವಿದ್ದರೆ ಕೈ ನಡುಗಿದರೂ ಚಿಂತೆಯಿಲ್ಲ.

ಸರ್ವೇಪಲ್ಲಿ ರಾಧಾಕೃಷ್ಣನ್ ಅವರು 1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಸಾರೋಟನ್ನು ತಾವೇ ಎಳೆದರು ಎಂಬುದನ್ನು ಪ್ರತಿ ಸೆಪ್ಟೆಂಬರ್ 5ರಂದು ಭಾಷಣಗಳಲ್ಲಿ ಕೇಳುತ್ತೇವೆ. ಅವರು ಅಲ್ಲಿ ಪಾಠ ಮಾಡಿದ್ದು ಕೇವಲ ಮೂರು ವರ್ಷ. ಕೊನೆಯ ದಿನದ ಆ ಸಾರೋಟಿನ ಕಥೆ ಎಲ್ಲರಿಗೂ ಗೊತ್ತು. ಆದರೆ ಗಾಡಿ ಎಳೆಯುವ ಪ್ರೀತಿ ಕೊನೆಯ ದಿನ ದಿಢೀರನೆ ಹುಟ್ಟಿರಲಾರದು. ಅದು ಯಾವುದೋ ಸಾಮಾನ್ಯ ಬೆಳಗಿನ, ಯಾವುದೋ ಸಾಮಾನ್ಯ ಕ್ಲಾಸಿನಲ್ಲಿ ಶುರುವಾಗಿರಬೇಕು.

ಈಗ ನಮಗೆ ಸಾರೋಟು ಎಳೆಯುವ ಕಾಲವಲ್ಲ, ಲೆಕ್ಚರರ್‌ಗಳಿಗೂ ಅದು ಬೇಕಿಲ್ಲ. ಮುಂದಿನ ಸೆಮಿಸ್ಟರ್ ಶುರುವಾಗುವಾಗ ಹಾವೇರಿಯಿಂದಲೋ ಸುರಪುರದಿಂದಲೋ ಬಂದ ಹುಡುಗಿಯೊಬ್ಬಳು ಕೊನೆಯ ಬೆಂಚಿನ ಮೂಲೆಯಲ್ಲಿ ಕೂತಿರುತ್ತಾಳೆ. ಅವಳ ಹೆಸರು ಕೇಳಿ. ಒಂದು ಪ್ರಶ್ನೆ ಕೇಳಿ. ಮೂರು ಸೆಕೆಂಡು ಕಾಯಿರಿ. ಸಿಲಬಸ್ ಎಲ್ಲಿಗೂ ಓಡಿಹೋಗುವುದಿಲ್ಲ.